ಪ್ರಶಸ್ತಿ ಪಡೆದ ವಿಜ್ಞಾನಿ ನಮ್ಮ ಕಾಲೇಜಿಗೆ ಬಂದರೆ ಮಕ್ಕಳಿಗೆ ಏನು ಸಿಗುತ್ತದೆ?

ಕಳೆದ ವಾರ ಕೊಪ್ಪದಿಂದ ಭಾವನ ಫೋನ್ ಬಂತು. ಅವರ ಮಗಳು ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ. ವಿಜ್ಞಾನ ದಿನದ ಹೊತ್ತಿಗೆ ಅವಳ ಕಾಲೇಜಿಗೆ ದೊಡ್ಡ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಬರುತ್ತಾರಂತೆ. ಎರಡು ದಿನ ಉಪನ್ಯಾಸ, ಕೊನೆಗೆ ವಿದ್ಯಾರ್ಥಿಗಳ ಜೊತೆ ಮಾತುಕತೆ. ಹಾಗಾಗಿ ಈ ಸಲದ ರಜೆಗೆ ಊರಿಗೆ ಬರುವುದಿಲ್ಲ ಅಂತ ಹುಡುಗಿ ಹೇಳಿದ್ದಾಳೆ.

“ಅಲ್ಲ ಮಾರಾಯ, ನೀನು ಇಷ್ಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು, ನೀನೇ ಹೇಳು. ಅವರು ಬಂದು ಮಾತಾಡಿ ಹೋದರೆ ಇವಳಿಗೆ ಏನು ಸಿಗುತ್ತೆ? ಮನೆಗೆ ಬಂದಿದ್ರೆ ಅವಳಮ್ಮನಿಗೆ ಕೈಯಾಸರೆ ಆಗ್ತಿತ್ತು” ಅಂದರು ಭಾವ.

ಭಾವ ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಡಾಕ್ಟರು, ಇಂಜಿನಿಯರು, ಮೇಷ್ಟ್ರು ಇದ್ದಾರೆ. ವಿಜ್ಞಾನಿಯನ್ನು ಹತ್ತಿರದಿಂದ ಕಂಡವರು ಕಡಿಮೆ. ಅವರು ದಿನವಿಡೀ ಏನು ಮಾಡುತ್ತಾರೆ, ಪ್ರಶಸ್ತಿ ಯಾತಕ್ಕೆ ಕೊಡುತ್ತಾರೆ, ಅವರನ್ನು ಕಂಡರೆ ಏನು ಪ್ರಯೋಜನ ಅನ್ನುವುದು ಗೊತ್ತಿಲ್ಲದಿದ್ದರೆ ಅದು ಯಾರ ತಪ್ಪೂ ಅಲ್ಲ. ಭಾವನಿಗೆ ಫೋನಿನಲ್ಲಿ ಅರ್ಧ ಗಂಟೆಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

## ಸಂಶೋಧನೆ ಅಂದರೆ ಏನು? ನಮ್ಮ ತೋಟದಿಂದಲೇ ನೋಡೋಣ

ಭಾವನ ಅಡಿಕೆ ತೋಟಕ್ಕೆ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯುತ್ತಾರೆ. ಕೊಳೆರೋಗ ಬಾರದಿರಲಿ ಅಂತ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯುತ್ತಾ ಕಲಕಬೇಕು. ಆಕಾಶದ ಬಣ್ಣದ ದ್ರಾವಣ ಸಿದ್ಧವಾಗುತ್ತದೆ. ಮಲೆನಾಡಿನ ಮಕ್ಕಳು ಇದನ್ನು ನೋಡಿಕೊಂಡೇ ಬೆಳೆಯುತ್ತಾರೆ.

ಈ ದ್ರಾವಣ ಬಂದದ್ದು ಫ್ರಾನ್ಸ್ ದೇಶದ ಬೋರ್ಡೋ ಅನ್ನುವ ಊರಿನ ಸುತ್ತಲಿನ ದ್ರಾಕ್ಷಿ ತೋಟಗಳಿಂದ. ಅಲ್ಲಿ ರಸ್ತೆ ಪಕ್ಕದ ತೋಟದವರು ದಾರಿಹೋಕರು ಹಣ್ಣು ಕದಿಯಬಾರದು ಅಂತ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಪಿಯೆರ್ ಮಿಯಾರ್ಡೆ ಅನ್ನುವ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಒಂದು ವಿಷಯ ಗಮನಿಸಿದರು. ಊರಿನ ತೋಟಗಳಿಗೆಲ್ಲ ಎಲೆ ಉದುರುವ ರೋಗ ಬಂದಿದೆ, ಆದರೆ ರಸ್ತೆ ಬದಿಯ ಈ ಸಾಲುಗಳು ಮಾತ್ರ ಹಸಿರಾಗಿವೆ. ಯಾಕೆ?

ಆ ದಾರಿಯಲ್ಲಿ ದಿನಾ ನೂರಾರು ಜನ ಓಡಾಡುತ್ತಿದ್ದರು. ಕಣ್ಣಿಗೆ ಬಿದ್ದದ್ದು ಎಲ್ಲರಿಗೂ ಒಂದೇ. ಮಿಯಾರ್ಡೆ ಮಾತ್ರ ಅಲ್ಲಿ ನಿಂತು ‘ಯಾಕೆ’ ಅಂದರು. ಆಮೇಲೆ ಬೇರೆ ಬೇರೆ ಅಳತೆಯಲ್ಲಿ ಕಲಸಿ, ಹೊಡೆದು, ಹೊಡೆಯದೆ ಬಿಟ್ಟ ಬಳ್ಳಿಗಳ ಜೊತೆ ಹೋಲಿಸಿ ನೋಡಿದರು. 1885ರಲ್ಲಿ ಫಲಿತಾಂಶ ಪ್ರಕಟಿಸಿದರು.

ನಮ್ಮ ಕಡೆಗೆ ಅದನ್ನು ತಂದ ಕಥೆಯೂ ಇದೆ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ಮಲೆನಾಡಿನಲ್ಲಿ ಕೊಳೆರೋಗಕ್ಕೆ ಗೊತ್ತಿದ್ದ ಉಪಾಯ ಒಂದೇ, ಮಳೆನೀರು ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದು. ಕೋಲ್‌ಮನ್ ರೋಗದ ಬೆನ್ನು ಹತ್ತಿದರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿ ಯಾವುದು, ಅದು ಮಳೆನೀರಿನಲ್ಲಿ ಹೇಗೆ ಹರಡುತ್ತದೆ ಅನ್ನುವುದನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ಗೊನೆಗೂ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟರು. ಇವತ್ತಿಗೂ ಭಾವ ಅದನ್ನೇ ಹೊಡೆಸುತ್ತಿದ್ದಾರೆ.

ಸಂಶೋಧನೆ ಅಂದರೆ ಇದೇ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹಿಡಿಯುವುದು, ಅದಕ್ಕೆ ಒಂದು ಊಹೆ ಮಾಡುವುದು, ಆ ಊಹೆ ತಪ್ಪಿರಬಹುದು ಅಂತಲೇ ಅದನ್ನು ಪರೀಕ್ಷೆಗೆ ಒಡ್ಡುವುದು. ಕಾಲೇಜಿನ ಪ್ರಾಕ್ಟಿಕಲ್ ಕ್ಲಾಸಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಗೊತ್ತು. ಹುಡುಗರು ಎಷ್ಟೋ ಸಲ ರೀಡಿಂಗನ್ನು ಆ ಉತ್ತರಕ್ಕೆ ಹೊಂದಿಸಿ ಬರೆದುಬಿಡುತ್ತಾರೆ. ಸಂಶೋಧನೆಯಲ್ಲಿ ಹೊಂದಿಸುವುದಕ್ಕೆ ಪುಸ್ತಕದ ಕೊನೆಯ ಪುಟವೇ ಇರುವುದಿಲ್ಲ.

## ಕಂಡುಹಿಡಿದದ್ದು ಸರಿ ಅಂತ ಹೇಳುವವರು ಯಾರು?

ವಿಜ್ಞಾನಿ ತನ್ನ ಕೆಲಸವನ್ನು ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸುತ್ತಾರೆ. ಈ ಬರಹಕ್ಕೆ ಪ್ರಬಂಧ ಅನ್ನುತ್ತಾರೆ, ಮಾತಿನಲ್ಲಿ ‘ಪೇಪರ್’. ಪತ್ರಿಕೆಯವರು ಅದನ್ನು ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳಿಗೆ ಕೊಡುತ್ತಾರೆ. ಸಾಮಾನ್ಯವಾಗಿ ಓದಿದವರು ಯಾರು ಅಂತ ಬರೆದವರಿಗೆ ತಿಳಿಯುವುದಿಲ್ಲ. ಮದುವೆ ಮನೆಯಲ್ಲಿ ಒಬ್ಬ ಅಡುಗೆ ಭಟ್ಟರು ಮಾಡಿದ ಸಾರನ್ನು ಇನ್ನೊಬ್ಬ ಭಟ್ಟರು ರುಚಿ ನೋಡಿದ ಹಾಗೆ. ನೆಂಟರು ‘ಚೆನ್ನಾಗಿದೆ’ ಅಂದರೆ ಅದು ಬೇರೆ. ಇನ್ನೊಬ್ಬ ಭಟ್ಟರಿಗೆ ಹುಳಿ ಎಲ್ಲಿ ಹೆಚ್ಚಾಯಿತು, ಒಗ್ಗರಣೆ ಎಲ್ಲಿ ಹೊತ್ತಿತು ಎಲ್ಲ ಗೊತ್ತಾಗುತ್ತದೆ. ಅವರು ‘ಈ ಅಳತೆ ಮತ್ತೆ ಮಾಡಿ’, ‘ಈ ಮಾತಿಗೆ ಆಧಾರ ಸಾಲದು’ ಅಂತ ವಾಪಸು ಕಳಿಸುತ್ತಾರೆ. ತಿದ್ದಿ ಮತ್ತೆ ಕಳಿಸಬೇಕು. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ.

ಪ್ರಶಸ್ತಿ ಪಡೆದವರ ಪೇಪರ್‌ಗಳೂ ವಾಪಸು ಬಂದಿವೆ. ಈ ಮಾತು ವಿದ್ಯಾರ್ಥಿಗಳ ಕಿವಿಗೆ ಬೀಳಬೇಕು. ಒಂದು ಟೆಸ್ಟಿನಲ್ಲಿ ಕಡಿಮೆ ಅಂಕ ಬಂದರೆ ‘ನನಗೆ ಸೈನ್ಸ್ ಆಗೋದಿಲ್ಲ’ ಅಂತ ಕೂತುಬಿಡುವ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ.

## ಈ ಪ್ರಶಸ್ತಿಗಳು ಯಾವುವು?

ಎಲ್ಲರಿಗೂ ಗೊತ್ತಿರುವುದು ನೊಬೆಲ್. ಡೈನಮೈಟ್ ಕಂಡುಹಿಡಿದ ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ ತಮ್ಮ ಉಯಿಲಿನಲ್ಲಿ ಬರೆದಿಟ್ಟ ಹಣದಿಂದ 1901ರಲ್ಲಿ ಶುರುವಾಯಿತು. ಅರ್ಜಿ ಹಾಕಿ ಪಡೆಯುವ ಪ್ರಶಸ್ತಿ ಇದಲ್ಲ. ಬೇರೆಯವರು ಹೆಸರು ಸೂಚಿಸಬೇಕು. ಯಾರು ಯಾರನ್ನು ಸೂಚಿಸಿದರು ಅನ್ನುವುದು 50 ವರ್ಷ ಗುಟ್ಟಾಗಿರುತ್ತದೆ. ಒಂದು ವಿಷಯದಲ್ಲಿ ಒಂದು ವರ್ಷ ಹೆಚ್ಚೆಂದರೆ ಮೂವರಿಗೆ ಹಂಚಬಹುದು. ಭಾರತದಲ್ಲೇ ಮಾಡಿದ ಕೆಲಸಕ್ಕೆ ವಿಜ್ಞಾನದ ನೊಬೆಲ್ ಪಡೆದವರು ಸಿ.ವಿ. ರಾಮನ್, 1930ರಲ್ಲಿ. ಬೆಳಕು ಒಂದು ವಸ್ತುವಿನ ಮೂಲಕ ಹಾಯುವಾಗ ಚದುರಿ, ಅದರಲ್ಲಿ ಒಂದಿಷ್ಟು ಬಣ್ಣ ಬದಲಿಸುತ್ತದೆ ಅಂತ ಅವರು 1928ರ ಫೆಬ್ರವರಿ 28ರಂದು ಕಂಡರು. ಆ ದಿನದ ನೆನಪಿಗೇ 1987ರಿಂದ ಆ ದಿನವನ್ನು ವಿಜ್ಞಾನ ದಿನ ಅಂತ ಆಚರಿಸುತ್ತೇವೆ.

ನಮ್ಮ ದೇಶದೊಳಗೆ ದಶಕಗಳ ಕಾಲ ದೊಡ್ಡ ಹೆಸರು ‘ಭಟ್ನಾಗರ್ ಪ್ರಶಸ್ತಿ’ಯದು. ಸಿಎಸ್ಐಆರ್ ಎಂಬ ಕೇಂದ್ರದ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಶಾಂತಿ ಸ್ವರೂಪ್ ಭಟ್ನಾಗರ್ ಅವರ ಹೆಸರಿನದು. 45 ವರ್ಷದೊಳಗಿನವರಿಗೆ ಮಾತ್ರ ಕೊಡುತ್ತಿದ್ದರು. 1961ರಲ್ಲಿ ಇದನ್ನು ಪಡೆದ ಮೊದಲ ಮಹಿಳೆ ಅಸೀಮಾ ಚಟರ್ಜಿ, ಔಷಧಿ ಗಿಡಗಳ ಒಳಗಿನ ರಸಾಯನವನ್ನು ಬಿಡಿಸಿ ನೋಡಿದವರು. ಮಲೆನಾಡಿನ ಹುಡುಗಿಯರಿಗೆ ಅವರ ಹೆಸರು ಗೊತ್ತಿರಬೇಕು ಅಂತ ನನ್ನ ಆಸೆ.

2024ರಿಂದ ಕೇಂದ್ರ ಸರ್ಕಾರ ಇದನ್ನೂ ಸೇರಿಸಿ ‘ರಾಷ್ಟ್ರೀಯ ವಿಜ್ಞಾನ ಪುರಸ್ಕಾರ’ ಅಂತ ಹೊಸ ಏರ್ಪಾಡು ಮಾಡಿದೆ. ಅದರಲ್ಲಿ ನಾಲ್ಕು ಬಗೆ. ಜೀವಮಾನದ ಸಾಧನೆಗೆ ವಿಜ್ಞಾನ ರತ್ನ, ವಿಶೇಷ ಕೊಡುಗೆಗೆ ವಿಜ್ಞಾನ ಶ್ರೀ, 45ರೊಳಗಿನವರಿಗೆ ವಿಜ್ಞಾನ ಯುವ (ಭಟ್ನಾಗರ್ ಹೆಸರು ಇದರಲ್ಲಿ ಉಳಿದಿದೆ), ಗುಂಪಾಗಿ ಮಾಡಿದ ಕೆಲಸಕ್ಕೆ ವಿಜ್ಞಾನ ಟೀಮ್. ಮೊದಲ ವರ್ಷದ ವಿಜ್ಞಾನ ರತ್ನ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ. ಇವಲ್ಲದೆ 2009ರಲ್ಲಿ ಶುರುವಾದ ಇನ್ಫೋಸಿಸ್ ಪ್ರಶಸ್ತಿಯೂ ಇದೆ, ಅದರ ಹಣದ ಮೊತ್ತ ಒಂದು ಲಕ್ಷ ಡಾಲರ್.

ಇಷ್ಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ತಿಳಿದರೆ ಸಾಕು: ಈ ಪ್ರಶಸ್ತಿಗಳನ್ನು ತೀರ್ಮಾನಿಸುವವರು ಅದೇ ಕೆಲಸ ಬಲ್ಲ ಇತರ ವಿಜ್ಞಾನಿಗಳು. ಆಗಲೇ ಹೇಳಿದೆನಲ್ಲ, ಇನ್ನೊಬ್ಬ ಭಟ್ಟರು ಮೆಚ್ಚಿದ ಸಾರು ಅಂತ.

## ನಾಲ್ಕು ಟಿಕೆಟ್ಟು ಕೊಟ್ಟ ಗಿರಾಕಿ

ವಿಜ್ಞಾನಿಯ ಮಾತು ಕೇಳಿ ಬದುಕು ಬದಲಾದವರು ನಿಜವಾಗಿಯೂ ಇದ್ದಾರಾ? ಭಾವ ಇದನ್ನೂ ಕೇಳಿದರು. ಇದ್ದಾರೆ. ಒಬ್ಬರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೈಕೇಲ್ ಫ್ಯಾರಡೆ ಲಂಡನ್ನಿನ ಒಬ್ಬ ಕಮ್ಮಾರನ ಮಗ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಹುಡುಗ ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಹೊಲಿಯುವ ಮುಂಚೆ ಓದುತ್ತಿದ್ದ. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಇದನ್ನು ನೋಡಿ 1812ರಲ್ಲಿ ಅವನಿಗೆ ಟಿಕೆಟ್ ಕೊಟ್ಟರು. ಆ ಕಾಲದ ಬಹು ದೊಡ್ಡ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅವರ ನಾಲ್ಕು ಉಪನ್ಯಾಸಗಳ ಟಿಕೆಟ್ ಅದು.

ಫ್ಯಾರಡೆ ಹೋಗಿ ಕೂತ. ಕೇಳಿದ್ದನ್ನೆಲ್ಲ ಬರೆದುಕೊಂಡ. ಪ್ರಯೋಗದ ಚಿತ್ರ ಬಿಡಿಸಿದ. ಮನೆಗೆ ಬಂದು ಅದನ್ನು ಶುದ್ಧ ಪ್ರತಿ ಮಾಡಿದ. ಸುಮಾರು 300 ಪುಟ ಆಯಿತು. ಅದನ್ನು ತನಗೆ ಬರುತ್ತಿದ್ದ ಕೆಲಸದಿಂದಲೇ ಚೆಂದವಾಗಿ ಬೈಂಡ್ ಮಾಡಿ ಡೇವಿ ಅವರಿಗೆ ಕಳಿಸಿದ. ಜೊತೆಗೆ ಒಂದು ಕಾಗದ: ನನಗೆ ವಿಜ್ಞಾನದ ಕೆಲಸ ಮಾಡಬೇಕೆಂದು ಆಸೆ, ಯಾವುದಾದರೂ ಕೆಲಸ ಕೊಡಿ. 1813ರಲ್ಲಿ ಡೇವಿ ಅವನನ್ನು ತಮ್ಮ ಪ್ರಯೋಗಾಲಯದ ಸಹಾಯಕನನ್ನಾಗಿ ಸೇರಿಸಿಕೊಂಡರು.

1831ರಲ್ಲಿ ಅದೇ ಫ್ಯಾರಡೆ, ತಂತಿಯ ಸುರುಳಿಯೊಳಗೆ ಆಯಸ್ಕಾಂತವನ್ನು ಓಡಾಡಿಸಿದರೆ ವಿದ್ಯುತ್ ಹರಿಯುತ್ತದೆ ಅಂತ ತೋರಿಸಿದರು. ಶರಾವತಿಯ ನೀರಿನಿಂದ ಕರೆಂಟ್ ತೆಗೆಯುವ ಜನರೇಟರ್ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ 300 ಪುಟ. ಡೇವಿಯ ಉಪನ್ಯಾಸಕ್ಕೆ ಲಂಡನ್ನಿನ ಶ್ರೀಮಂತರು ತುಂಬಿಕೊಂಡು ಬರುತ್ತಿದ್ದರು. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ಫ್ಯಾರಡೆ ಮನೆಗೆ ಹೋದ ಮೇಲೆಯೇ ಅವನ ಕೆಲಸ ಶುರುವಾದದ್ದು.

ಆಮೇಲೆ ಫ್ಯಾರಡೆ ಕೆಲಸ ಮಾಡುತ್ತಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲೇ 1825ರಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯ ಉಪನ್ಯಾಸಗಳು ಆರಂಭವಾದವು. ಸ್ವತಃ ಫ್ಯಾರಡೆ 19 ವರ್ಷ ಆ ಉಪನ್ಯಾಸ ಕೊಟ್ಟರು. ಒಂದು ಮೇಣದ ಬತ್ತಿ ಉರಿಯುವುದನ್ನೇ ಹಿಡಿದುಕೊಂಡು ಮಕ್ಕಳಿಗೆ ಇಡೀ ರಸಾಯನಶಾಸ್ತ್ರ ತೋರಿಸುತ್ತಿದ್ದರು.

## ರಾಮನ್ ಬಾಗಿಲಲ್ಲಿ ಇಬ್ಬರು

ನಮ್ಮ ಕಡೆಯ ಉದಾಹರಣೆ ಬೇಕಲ್ವಾ? ಬೆಂಗಳೂರಿನ ಬಸವನಗುಡಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗನ ಶಾಲೆಗೆ ಸಿ.ವಿ. ರಾಮನ್ ಬಂದಿದ್ದರು. ಆ ಭೇಟಿ ತನ್ನ ಮೇಲೆ ಮಾಡಿದ ಪರಿಣಾಮವನ್ನು ಆ ಹುಡುಗ ದೊಡ್ಡವರಾದ ಮೇಲೂ ನೆನೆಯುತ್ತಾರೆ. ಆ ಹುಡುಗನೇ ಸಿ.ಎನ್.ಆರ್. ರಾವ್. ರಾಮನ್ ಅವರಿಗೆ 1954ರಲ್ಲಿ ಭಾರತ ರತ್ನ ಬಂತು, ರಾವ್ ಅವರಿಗೆ 2014ರಲ್ಲಿ.

ರಾಮನ್ ಅವರಿಗೆ ಮಕ್ಕಳ ಜೊತೆ ಮಾತಾಡುವುದೆಂದರೆ ಪ್ರೀತಿ. 1968ರ ಡಿಸೆಂಬರ್‌ನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅಹಮದಾಬಾದಿನಲ್ಲಿ ‘ಆಕಾಶ ಯಾಕೆ ನೀಲಿ’ ಅಂತ ಮಾತಾಡಿದರು. ಅಷ್ಟು ದೊಡ್ಡ ವಿಜ್ಞಾನಿ ಆರಿಸಿಕೊಂಡದ್ದು ಮಗು ಕೇಳುವ ಪ್ರಶ್ನೆಯನ್ನು. ಉತ್ತರ ಪುಸ್ತಕದಲ್ಲಿ ಇದೆ. ಅವರು ಮಾತ್ರ ತಲೆಯೆತ್ತಿ ನೋಡುವುದರಿಂದ ಶುರುಮಾಡಿ, ಒಂದೊಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋದರು.

ಇನ್ನೊಂದು ಮುಖವನ್ನೂ ಹೇಳಬೇಕು. 1933ರಲ್ಲಿ ಕಮಲಾ ಭಾಗವತ್ ಅನ್ನುವ ಯುವತಿ ಬಾಂಬೆಯಲ್ಲಿ ಬಿ.ಎಸ್ಸಿ.ಯನ್ನು ಅತಿ ಹೆಚ್ಚು ಅಂಕದಲ್ಲಿ ಮುಗಿಸಿ ಐಐಎಸ್ಸಿಗೆ ಸೇರಲು ಬಂದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರಾಮನ್. ಹೆಣ್ಣುಮಗಳು ಅನ್ನುವ ಕಾರಣಕ್ಕೆ ಪ್ರವೇಶ ಇಲ್ಲ ಅಂದರು. ಆಕೆ ಬಿಡಲಿಲ್ಲ, ಪಟ್ಟು ಹಿಡಿದು ಕೂತರು. ಕೊನೆಗೆ ಒಂದು ವರ್ಷ ನೋಡುತ್ತೇನೆ ಅನ್ನುವ ಷರತ್ತಿನ ಮೇಲೆ ರಾಮನ್ ಒಪ್ಪಿದರು. ಆಕೆಯ ಕೆಲಸ ನೋಡಿ ಮನಸ್ಸು ಬದಲಿಸಿದರು, ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶ ಸಿಕ್ಕಿತು. ಕಮಲಾ ಸೊಹೊನಿ ಅಂತ ಮುಂದೆ ಹೆಸರಾದ ಆಕೆ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು.

ಇದನ್ನು ಯಾಕೆ ಹೇಳಿದೆ ಅಂದರೆ, ಪ್ರಶಸ್ತಿ ಬಂದವರ ಪ್ರತಿ ಮಾತೂ ವೇದವಾಕ್ಯ ಆಗಬೇಕಿಲ್ಲ. ಅವರನ್ನು ಗೌರವಿಸುತ್ತಲೇ ಎದುರಿಗೆ ನಿಂತು ‘ಹಾಗಲ್ಲ ಸರ್’ ಅನ್ನಬಹುದು. ವಿಜ್ಞಾನ ಅದಕ್ಕೆ ಜಾಗ ಕೊಡುತ್ತದೆ.

## ಇದನ್ನೇ ದೊಡ್ಡದಾಗಿ ಮಾಡುವ ಊರು

ಜರ್ಮನಿಯಲ್ಲಿ ಲಿಂಡಾವ್ ಅಂತ ಒಂದು ಊರಿದೆ. ಸರೋವರದ ದ್ವೀಪದ ಮೇಲಿನ ಪುಟ್ಟ ಊರು. ಮಹಾಯುದ್ಧ ಮುಗಿದಾಗ ಜರ್ಮನಿಯ ವಿಜ್ಞಾನಿಗಳು ಲೋಕದಿಂದ ಬೇರೆಯಾಗಿ ಉಳಿದಿದ್ದರು. ಆ ಕೊಂಡಿಯನ್ನು ಮತ್ತೆ ಬೆಸೆಯಲು ಆ ಊರಿನ ಇಬ್ಬರು ವೈದ್ಯರು ಯೋಚಿಸಿದರು. 1951ರಿಂದ ಅಲ್ಲಿ ನೊಬೆಲ್ ಪಡೆದವರು ಸೇರುತ್ತಿದ್ದಾರೆ. ಈಗ ವರ್ಷಕ್ಕೊಮ್ಮೆ ಸುಮಾರು 30ರಿಂದ 40 ನೊಬೆಲ್ ವಿಜ್ಞಾನಿಗಳು, ಬೇರೆ ಬೇರೆ ದೇಶಗಳ 600ರಷ್ಟು ಯುವ ಸಂಶೋಧಕರು ಒಂದು ವಾರ ಒಟ್ಟಿಗೆ ಇರುತ್ತಾರೆ. ಊಟ, ತಿರುಗಾಟ, ಹರಟೆ ಎಲ್ಲ ಜೊತೆಯಲ್ಲೇ. ಯುವಕರು 35 ವರ್ಷದೊಳಗಿನವರಾಗಿರಬೇಕು. ನಮ್ಮ ದೇಶದಿಂದಲೂ ಆಯ್ಕೆಯಾಗಿ ಹೋಗುತ್ತಾರೆ.

## ಚಿಕ್ಕಮಗಳೂರಿನಂಥ ಊರಿಗೆ ವಿಜ್ಞಾನಿ ಹೇಗೆ ಬರುತ್ತಾರೆ?

ಯಾರೋ ದೊಡ್ಡವರ ಪರಿಚಯ ಇದ್ದರೆ ಮಾತ್ರ ಬರುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ದೇಶದಲ್ಲಿ ಮೂರು ವಿಜ್ಞಾನ ಅಕಾಡೆಮಿಗಳಿವೆ. ಒಂದು ಬೆಂಗಳೂರಿನಲ್ಲಿ, 1934ರಲ್ಲಿ ರಾಮನ್ ಅವರೇ ಕಟ್ಟಿದ್ದು. ಇನ್ನೊಂದು ದೆಹಲಿಯಲ್ಲಿ, ಮತ್ತೊಂದು ಪ್ರಯಾಗ್‌ರಾಜ್‌ನಲ್ಲಿ. ಅಕಾಡೆಮಿ ಅಂದರೆ ಒಳ್ಳೆಯ ಕೆಲಸ ಮಾಡಿದ ವಿಜ್ಞಾನಿಗಳನ್ನು ಆರಿಸಿ ಸದಸ್ಯರನ್ನಾಗಿ ಮಾಡಿಕೊಂಡ ಸಂಘ. ಈ ಮೂರೂ ಸೇರಿ ಕಾಲೇಜುಗಳಲ್ಲಿ ಎರಡು ಮೂರು ದಿನದ ಉಪನ್ಯಾಸ ಕಾರ್ಯಾಗಾರ ನಡೆಸುತ್ತವೆ. ಅದಕ್ಕೆ ಕಾಲೇಜಿನ ಅಧ್ಯಾಪಕರೊಬ್ಬರು ಯೋಜನೆ ಬರೆದು ಅರ್ಜಿ ಹಾಕಬೇಕು. ಅಷ್ಟೇ. ಸಣ್ಣ ಊರಿನ ಕಾಲೇಜು ಅಂತ ಅಡ್ಡಿ ಇಲ್ಲ.

ಶಾಲಾ ಮಕ್ಕಳಿಗೆ ‘ಇನ್‌ಸ್ಪೈರ್’ ಅನ್ನುವ ಕೇಂದ್ರದ ಯೋಜನೆ 2008ರಿಂದ ಇದೆ. ಅದರ ಒಂದು ಭಾಗದಲ್ಲಿ ಮಕ್ಕಳು ತಮಗೆ ಹೊಳೆದ ಒಂದು ಉಪಾಯವನ್ನು ಶಾಲೆಯ ಮೂಲಕ ಕಳಿಸುತ್ತಾರೆ. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಬ್ಯಾಂಕ್ ಖಾತೆಗೇ 10,000 ರೂಪಾಯಿ ಬರುತ್ತದೆ. ಜಿಲ್ಲಾ ಮಟ್ಟ, ರಾಜ್ಯ ಮಟ್ಟ, ರಾಷ್ಟ್ರ ಮಟ್ಟದ ಪ್ರದರ್ಶನ ಇರುತ್ತದೆ. ಹತ್ತನೇ ತರಗತಿಯಲ್ಲಿ ಮೇಲಿನ ಸಾಲಿನಲ್ಲಿ ಬಂದ ಮಕ್ಕಳನ್ನು ಐದು ದಿನದ ಶಿಬಿರದಲ್ಲಿ ವಿಜ್ಞಾನಿಗಳ ಜೊತೆ ಕೂರಿಸುವುದೂ ಈ ಯೋಜನೆಯಲ್ಲಿ ಸೇರಿದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಬೇಕು.

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿ ಕೂಡ ಇಂಥ ಕೆಲಸ ಮಾಡುತ್ತವೆ. ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಓದಿಯೇ ವಿಜ್ಞಾನಕ್ಕೆ ಬಂದ ಎಷ್ಟೋ ಜನ ನನ್ನ ತರಗತಿಯಲ್ಲಿ ಕೂತಿದ್ದರು.

ಇನ್ನು ವಿಜ್ಞಾನಿಗಳೇ ನಮ್ಮ ಹತ್ತಿರ ಇದ್ದಾರೆ ಅನ್ನುವುದನ್ನು ಮರೆಯುತ್ತೇವೆ. ಹುಡುಗಿ ಕೊಪ್ಪದಿಂದ ಬರುವ ಬಸ್ಸು ಬಾಳೆಹೊನ್ನೂರು ಹಾದು ಬರುತ್ತದೆ. ಅಲ್ಲೇ ಹತ್ತಿರದಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ. ನಮ್ಮ ಜಿಲ್ಲೆಯ ತೋಟಗಳಲ್ಲೆಲ್ಲ ಕಾಣುವ ಎಸ್.795 ತಳಿ ರೂಪುಗೊಂಡದ್ದು ಅಲ್ಲಿ. ಪಕ್ಕದ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಕೆಲಸ ಮಾಡುತ್ತಿದೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ಸಂಪರ್ಕ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಹಾಸನದಿಂದ ಹೊರಟ ಆದೇಶ ಉಪಗ್ರಹ ಮುಟ್ಟಲು ಒಂದು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಇಸ್ರೋ ಅಧ್ಯಕ್ಷರಾಗಿದ್ದ ಎ.ಎಸ್. ಕಿರಣ್ ಕುಮಾರ್ ಹಾಸನ ಜಿಲ್ಲೆಯವರೇ.

## ಎದುರಿಗೆ ಕೂತಾಗ ಏನು ಕೇಳಬೇಕು?

ಇಂಥ ಸಂವಾದಗಳನ್ನು ನಾನು ತುಂಬಾ ನೋಡಿದ್ದೇನೆ. ಮೊದಲ ಹತ್ತು ನಿಮಿಷ ಯಾರೂ ಎದ್ದು ನಿಲ್ಲುವುದಿಲ್ಲ. ಆಮೇಲೆ ಎದ್ದವರು ಕೇಳುವುದು ‘ಯಶಸ್ಸಿನ ಗುಟ್ಟೇನು ಸರ್?’ ಅಂತ. ಪಾಪ, ವಿಜ್ಞಾನಿ ಕಷ್ಟಪಡಿ, ಶ್ರದ್ಧೆ ಇರಲಿ ಅಂತ ಹೇಳುತ್ತಾರೆ. ಅದನ್ನು ಅಜ್ಜಿಯೂ ಹೇಳುತ್ತಿದ್ದರು.

ಅವರಿಂದಲೇ ತಿಳಿಯಬೇಕಾದ ವಿಷಯ ಬೇರೆ ಇದೆ. ಈ ವಾರ ನಿಮ್ಮ ಪ್ರಯೋಗಾಲಯದಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ? ನೀವು ಸರಿ ಅಂದುಕೊಂಡು ಆಮೇಲೆ ತಪ್ಪಾದ ಊಹೆ ಯಾವುದು? ಅದು ತಪ್ಪು ಅಂತ ಹೇಗೆ ಗೊತ್ತಾಯಿತು? ನಮ್ಮ ಕಾಲೇಜಿನಲ್ಲಿ ದೊಡ್ಡ ಉಪಕರಣ ಇಲ್ಲ, ಇರುವುದರಲ್ಲೇ ಏನು ಮಾಡಬಹುದು? ಇಂಥ ಪ್ರಶ್ನೆ ಬಂದರೆ ವಿಜ್ಞಾನಿಯ ಮುಖವೇ ಬದಲಾಗುತ್ತದೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತಾಡುತ್ತಾರೆ.

ಭಾಷೆಯ ಹಿಂಜರಿಕೆ ಬೇಡ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮೈಕು ಮುಂದಿನ ಸಾಲಿಗೆ ಹೋಗಿರುತ್ತದೆ. ಕನ್ನಡದಲ್ಲೇ ಕೇಳಿ. ಬಂದವರಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲಿರುವ ಮೇಷ್ಟ್ರು ಹೇಳುತ್ತಾರೆ. ಸಿ.ಎನ್.ಆರ್. ರಾವ್ ಅವರ ಶಾಲೆಯ ಓದೂ ಕನ್ನಡದಲ್ಲೇ ನಡೆದದ್ದು.

## ಅವರು ಹೋದ ಮೇಲೆ

ಭಾವನ ಕೊನೆಯ ಪ್ರಶ್ನೆ ಹಣದ್ದು. ತಂದೆಯಾದವರು ಕೇಳಲೇಬೇಕಾದ್ದು. ಸಂಶೋಧನೆ ಅಂತ ಹೋದರೆ ಹೊಟ್ಟೆಪಾಡು?

ಪಿಎಚ್.ಡಿ. ಮಾಡುವಾಗ ಮನೆಯಿಂದ ಹಣ ಕಳಿಸಬೇಕು ಅಂತ ಅನೇಕರು ತಿಳಿದಿದ್ದಾರೆ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ನಿಗದಿಯಾಗಿದೆ. ಮನೆ ಬಾಡಿಗೆ ಭತ್ಯೆ ಬೇರೆ. ಇದನ್ನು ಕೇಳಿ ಭಾವ ಸ್ವಲ್ಪ ಹೊತ್ತು ಸುಮ್ಮನಾದರು. “ಹೌದಾ? ಓದೋದಕ್ಕೆ ಅವರೇ ಕೊಡ್ತಾರಾ?” ಅಂದರು. ಹಾಗಂತ ದಾರಿ ಸಲೀಸು ಅಂತ ಅಲ್ಲ. ಪಿಎಚ್.ಡಿ.ಗೆ ಐದಾರು ವರ್ಷ ಬೇಕು, ಆಮೇಲೆ ಕಾಯಂ ಕೆಲಸ ಸಿಗುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಬಹುದು. ಅದನ್ನೂ ಅವರಿಗೆ ಹೇಳಿದೆ.

ಅದಕ್ಕೆ ಮುಂಚೆ ಒಂದು ಸಣ್ಣ ಮೆಟ್ಟಿಲಿದೆ. ಅದೇ ಮೂರು ಅಕಾಡೆಮಿಗಳು ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು. ಅಧ್ಯಾಪಕರಿಗೂ ಅವಕಾಶ ಇದೆ. ಅರ್ಜಿಯಲ್ಲಿ ‘ಏನು ಮಾಡಬೇಕು ಅಂತಿದ್ದೀರಿ’ ಅಂತ ಬರೆಯಬೇಕಾಗುತ್ತದೆ. ವಿಜ್ಞಾನಿಯ ಎದುರು ಕೂತು ಒಂದು ಪ್ರಶ್ನೆ ಕೇಳಿದ ಹುಡುಗಿಗೆ ಆ ಜಾಗದಲ್ಲಿ ಬರೆಯಲು ಏನಾದರೂ ಇರುತ್ತದೆ. ವಿಜ್ಞಾನಿಗೆ ಈಮೇಲ್ ಮಾಡುವುದೂ ಸರಿಯೇ. ಅವರ ಕೆಲಸ ಓದಿ, ಒಂದು ನಿಜವಾದ ಪ್ರಶ್ನೆ ಇಟ್ಟು ಬರೆಯಬೇಕು. ಫ್ಯಾರಡೆಯ 300 ಪುಟದ ಈಗಿನ ರೂಪ ಅದು. ಬೆಂಗಳೂರಿನ ಐಐಎಸ್ಸಿ ವರ್ಷಕ್ಕೊಂದು ದಿನ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ, ಅಪ್ಪ ಅಮ್ಮಂದಿರೂ ಹೋಗಿ ಪ್ರಯೋಗಾಲಯ ನೋಡಬಹುದು.

ಮೊನ್ನೆ ಸಂಜೆ ಹುಡುಗಿ ನಮ್ಮನೆಗೆ ಬಂದಿದ್ದಳು. ಸಂವಾದಕ್ಕೆ ಪ್ರಶ್ನೆ ಬರೆದುಕೊಂಡಿದ್ದೀಯಾ ಅಂದೆ. ನೋಟ್‌ಬುಕ್ ತೆಗೆದು ತೋರಿಸಿದಳು. ಮೊದಲ ಎರಡನ್ನು ಅವಳೇ ಹೊಡೆದು ಹಾಕಿದ್ದಳು. ಉಳಿದದ್ದು ಮೂರನೆಯದು.

ಬೋರ್ಡೋ ಕಲಸಿದ ಮೇಲೆ ಅವಳಪ್ಪ ಅದರೊಳಗೆ ಒಂದು ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕಿನ ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನಷ್ಟು ಸುಣ್ಣದ ನೀರು ಹುಯ್ಯುತ್ತಾರೆ. ಸುಣ್ಣ ಸೇರಿಸದೆ ಹಾಗೇ ಹೊಡೆದರೆ ಎಳೆ ಭಾಗ ಸುಡುತ್ತದೆ. ಚಿಕ್ಕಂದಿನಿಂದ ಆ ಚಾಕು ಹಿಡಿದುಕೊಳ್ಳುವ ಕೆಲಸ ಇವಳದು. ಯಾಕೆ ಕೆಂಪಾಗುತ್ತದೆ ಅನ್ನುವುದು ಈಗ ಅವಳಿಗೆ ಗೊತ್ತು: ಸುಣ್ಣ ಹಿಡಿದಿಡದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟು ಕಬ್ಬಿಣ ನೀರಿಗೆ ಇಳಿಯುತ್ತದೆ. ಅವಳ ಪ್ರಶ್ನೆ ಅದರಾಚೆಯದು. ಮೈಲುತುತ್ತವನ್ನು ಅಷ್ಟು ವರ್ಷದಿಂದ ತೋಟಕ್ಕೆ ಹೊಡೆಯುತ್ತಿದ್ದೇವೆ. ಮಳೆಗೆ ತೊಳೆದುಹೋದ ಆ ತಾಮ್ರ ಎಲ್ಲ ಮಣ್ಣಿನಲ್ಲಿ ಎಲ್ಲಿ ಕೂತಿದೆ? ಅದನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಅಳೆಯಬಹುದಾ?

“ಇದು ತೀರಾ ಸಣ್ಣ ಪ್ರಶ್ನೆ ಆಯ್ತಾ ಮಾಮ?” ಅಂದಳು.

ಅಪ್ಪನಿಗೆ ಫೋನ್ ಮಾಡಿ ತೋಟದ ಮೂರು ಕಡೆಯ ಮಣ್ಣು ಬೇರೆ ಬೇರೆ ಕವರಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸೋಕೆ ಹೇಳು ಅಂದೆ. ಅದರಲ್ಲಿ ಒಂದು, ಯಾವತ್ತೂ ಔಷಧಿ ಹೊಡೆಯದ ಹಿತ್ತಲಿನದು ಇರಲಿ.